ಆರ್ಡರ್ಡ್ ಮ್ಯಾಪ್‌ಗೆ ಡೆಕೊರೇಟರ್: ಪುಟ್ ಒಂದನ್ನು ಕಾದರೆ ಸಾಲದು

ಎಲ್ಲರಿಗೂ ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಮೂರು ಭಾಷೆ, ಆಮೇಲೆ ಗಣಿತ, ವಿಜ್ಞಾನ, ಸಮಾಜ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದಕ್ಕೆ ತಲಾ 100. ಇದನ್ನು ಜಾವಾದಲ್ಲಿ ಬರೆಯಬೇಕು ಅಂದುಕೊಳ್ಳಿ. ವಿಷಯ ಕೀ, ಅಂಕ ವ್ಯಾಲ್ಯೂ. ಇಂಥ ಜೋಡಿಗಳನ್ನು ಇಡುವುದೇ ಮ್ಯಾಪ್, ಒಂದು ಜೋಡಿ ಒಳಗೆ ಹಾಕುವ ಮೆಥಡ್ ಪುಟ್. ಹ್ಯಾಷ್‌ಮ್ಯಾಪ್ ಕ್ರಮದ ಬಗ್ಗೆ ಭರವಸೆ ಕೊಡುವುದಿಲ್ಲ. ಹಾಕಿದ ಕ್ರಮವನ್ನೇ ಉಳಿಸಿಕೊಳ್ಳುವ ಲಿಂಕ್ಡ್‌ಹ್ಯಾಷ್‌ಮ್ಯಾಪ್ ಬೇಕು. ಅದರ ಮೇಲೆ ನಮ್ಮದೊಂದು ನಿಯಮ: ಗರಿಷ್ಠ ಅಂಕ ಮೀರಿದ್ದನ್ನು ಒಳಗೆ ಬಿಡಬಾರದು.

ತಕ್ಷಣ ಹೊಳೆಯುವುದು ಇನ್‌ಹೆರಿಟೆನ್ಸ್. ಲಿಂಕ್ಡ್‌ಹ್ಯಾಷ್‌ಮ್ಯಾಪ್ ಎಕ್ಸ್‌ಟೆಂಡ್ ಮಾಡಿ, ಪುಟ್ ಮೆಥಡ್ ಓವರ್‌ರೈಡ್ ಮಾಡಿದರೆ ಮುಗಿಯಿತು, ಅಲ್ವಾ? ಇಲ್ಲ. ಲಿಂಕ್ಡ್‌ಹ್ಯಾಷ್‌ಮ್ಯಾಪ್ ಹುಟ್ಟಿದ್ದೇ ಹ್ಯಾಷ್‌ಮ್ಯಾಪ್‌ನಿಂದ. ಜಾವಾ 7ರಲ್ಲಿ ಹ್ಯಾಷ್‌ಮ್ಯಾಪ್‌ನ ಪುಟ್‌ಆಲ್ (ಹಲವು ಜೋಡಿಗಳನ್ನು ಒಟ್ಟಿಗೆ ಹಾಕುವ ಮೆಥಡ್), ಒಳಗೆ ಪುಟ್ ಅನ್ನೇ ಕರೆಯುತ್ತಿತ್ತು. 2014ರಲ್ಲಿ ಬಂದ ಜಾವಾ 8ರಲ್ಲಿ ಅದು ಬೇರೊಂದು ಒಳ ಮೆಥಡ್ ಕರೆಯತೊಡಗಿತು. ನಮ್ಮ ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿಲ್ಲ, ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ, ಆದರೆ ತಪಾಸಣೆ ಮಾಯ. ಇನ್ನೊಬ್ಬರ ಕ್ಲಾಸ್ ಒಳಗೆ ಏನು ನಡೆಯುತ್ತದೆ ಅನ್ನುವುದರ ಮೇಲೆ ನಮ್ಮ ನಿಯಮ ನಿಂತಿತ್ತು. ನನಗೆ ಇನ್‌ಹೆರಿಟೆನ್ಸ್ ಬೇಡ ಅನಿಸುವುದು ಇದಕ್ಕೇ.

ಡೆಕೊರೇಟರ್‌ನಲ್ಲಿ ನಾವು ಮ್ಯಾಪ್ ಆಗಿ ಹುಟ್ಟುವುದಿಲ್ಲ, ಒಂದು ಮ್ಯಾಪನ್ನು ಒಳಗಿಟ್ಟುಕೊಳ್ಳುತ್ತೇವೆ. ಹೊರಗಿನವರಿಗೆ ಕಾಣುವುದು ಅದೇ ಇಂಟರ್‌ಫೇಸ್. ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಎಂಬ ಜಾವಾ ಲೈಬ್ರರಿಯಲ್ಲಿ ಅಬ್‌ಸ್ಟ್ರ್ಯಾಕ್ಟ್‌ಆರ್ಡರ್ಡ್‌ಮ್ಯಾಪ್‌ಡೆಕೊರೇಟರ್ ಎಂಬ ಕ್ಲಾಸ್ ಇದಕ್ಕೆಂದೇ ಸಿದ್ಧವಾಗಿದೆ. ಫಸ್ಟ್‌ಕೀ, ನೆಕ್ಸ್ಟ್‌ಕೀ, ಎಲ್ಲವನ್ನೂ ಅದು ಒಳಗಿನ ಮ್ಯಾಪ್‌ಗೆ ದಾಟಿಸುತ್ತದೆ. ಒಳಗೆ ಅದೇ ಲೈಬ್ರರಿಯ ಲಿಂಕ್ಡ್‌ಮ್ಯಾಪ್ ಇಡಿ. ನಮಗೆ ಬೇಕಾದ ಮೆಥಡ್ ಮಾತ್ರ ನಾವು ಬರೆದರಾಯಿತು. ಇಲ್ಲೂ ಪುಟ್‌ಆಲ್ ಬರೆಯಲೇಬೇಕು. ಆದರೆ ಇಲ್ಲಿ ಆ ವಿಷಯ ಕಣ್ಣೆದುರೇ ಇದೆ: ನಾವು ಮುಟ್ಟದ್ದೆಲ್ಲ ನೇರ ಒಳಕ್ಕೆ ಹೋಗುತ್ತದೆ.

ಹಾಗಾದರೆ ನಾವು ಏನೇನು ಮುಟ್ಟಿಲ್ಲ? ಜಾಸ್ತಿ ಜನ ಎಡವುವುದು ಇಲ್ಲೇ.

ಎಲ್ಲ ವಿಷಯಕ್ಕೂ 5 ಗ್ರೇಸ್ ಅಂಕ ಕೊಡೋಣ ಅಂತ ಯಾರೋ ರಿಪ್ಲೇಸ್‌ಆಲ್ ಕರೆದರು. ಗಣಿತದಲ್ಲಿ 98 ಇತ್ತು, 103 ಆಯಿತು. ಎಕ್ಸೆಪ್ಶನ್ ಇಲ್ಲ, ಏನಿಲ್ಲ. ಕಾರಣ, ಮ್ಯಾಪ್ ಇಂಟರ್‌ಫೇಸ್‌ನ ರಿಪ್ಲೇಸ್‌ಆಲ್ ಪುಟ್ ಕರೆಯುವುದಿಲ್ಲ. ಎಂಟ್ರಿಸೆಟ್, ಅಂದರೆ ಎಲ್ಲ ಕೀ-ವ್ಯಾಲ್ಯೂ ಜೋಡಿಗಳ ಸೆಟ್ ತೆಗೆದುಕೊಂಡು, ಒಂದೊಂದು ಎಂಟ್ರಿಯ ಮೇಲೂ ಸೆಟ್‌ವ್ಯಾಲ್ಯೂ ಮಾಡುತ್ತದೆ. ನಮ್ಮ ಎಂಟ್ರಿಸೆಟ್ ಒಳಗಿನ ಮ್ಯಾಪ್‌ನದ್ದೇ ಆದ್ದರಿಂದ ಅದೊಂದು ಹಿತ್ತಿಲ ಬಾಗಿಲು. ಆರ್ಡರ್ಡ್ ಮ್ಯಾಪ್‌ನಲ್ಲಿ ಇಂಥದ್ದು ಇನ್ನೂ ಒಂದಿದೆ: ಜೋಡಿಗಳನ್ನು ಒಂದೊಂದಾಗಿ ನೋಡುತ್ತ ಹೋಗುವ ಮ್ಯಾಪ್‌ಇಟರೇಟರ್. ಅದಕ್ಕೂ ಸೆಟ್‌ವ್ಯಾಲ್ಯೂ ಇದೆ.

ಎಂಟ್ರಿಸೆಟ್ ಮುಚ್ಚಲು ಜಾವಾದ್ದೇ ಕಲೆಕ್ಷನ್ಸ್ ಕ್ಲಾಸ್‌ನ ಅನ್‌ಮಾಡಿಫೈಯಬಲ್‌ಸೆಟ್ ಸುತ್ತಿದರೆ ಸಾಲದು. ಆ ಸೆಟ್‌ನಿಂದ ಎಂಟ್ರಿ ತೆಗೆಯಲಾಗುವುದಿಲ್ಲ, ನಿಜ. ಆದರೆ ಕೈಗೆ ಬಂದ ಎಂಟ್ರಿ ಅಸಲಿಯೇ, ಅದರ ವ್ಯಾಲ್ಯೂ ಬದಲಾಗುತ್ತದೆ. ಒಳಗಿನ ಮ್ಯಾಪ್‌ಗೆ ಅನ್‌ಮಾಡಿಫೈಯಬಲ್‌ಮ್ಯಾಪ್ ಸುತ್ತಿ, ಅದರ ಎಂಟ್ರಿಸೆಟ್ ಕೊಡಿ. ಅದು ಎಂಟ್ರಿಗಳನ್ನೂ ಕಾಯುತ್ತದೆ, ಕ್ರಮವೂ ಕೆಡುವುದಿಲ್ಲ. ಈಗ ರಿಪ್ಲೇಸ್‌ಆಲ್ ಕರೆದವರಿಗೆ ಎಕ್ಸೆಪ್ಶನ್ ಸಿಗುತ್ತದೆ. ಸದ್ದಿಲ್ಲದೆ 103 ಆಗುವುದಕ್ಕಿಂತ ಅದೇ ಮೇಲು.

ಒಳಗಿನ ಮ್ಯಾಪ್‌ನ ರೆಫರೆನ್ಸ್ ಬೇರೆ ಯಾರ ಕೈಯಲ್ಲೂ ಇರಬಾರದು, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೆಕೊರೇಟರ್‌ಗಳನ್ನು ಒಂದರ ಮೇಲೊಂದು ಪೇರಿಸಬಹುದು, ಆದರೆ ಕಣ್ಣುಮುಚ್ಚಿ ಅಲ್ಲ. ಕಾಮನ್ಸ್‌ನ ಲಿಸ್ಟ್‌ಆರ್ಡರ್ಡ್‌ಮ್ಯಾಪ್, ಪಕ್ಕದಲ್ಲಿ ಒಂದು ಲಿಸ್ಟ್ ಇಟ್ಟುಕೊಂಡು ಯಾವುದೇ ಮ್ಯಾಪ್‌ಗೆ ಕ್ರಮ ಕೊಡುತ್ತದೆ. ಅದರೊಳಗೆ ಕೇಸ್‌ಇನ್‌ಸೆನ್ಸಿಟಿವ್‌ಮ್ಯಾಪ್ ಇಟ್ಟರೆ ಕೆಡುತ್ತದೆ. ಲಿಸ್ಟ್ ಈಕ್ವಲ್ಸ್ ನೋಡಿ ಹುಡುಕುತ್ತದೆ, ಅದಕ್ಕೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ; ಒಳಗಿನ ಮ್ಯಾಪ್ ದೊಡ್ಡಕ್ಷರ ಸಣ್ಣಕ್ಷರದ ಭೇದ ಮಾಡುವುದಿಲ್ಲ. ಎರಡರ ಲೆಕ್ಕ ತಾಳೆಯಾಗುವುದಿಲ್ಲ.

2023ರಲ್ಲಿ ಜಾವಾ 21, ಕ್ರಮ ಇರುವ ಮ್ಯಾಪ್‌ಗಳಿಗೆಂದು ಸೀಕ್ವೆನ್ಸ್ಡ್‌ಮ್ಯಾಪ್ ಎಂಬ ಇಂಟರ್‌ಫೇಸ್ ತಂದಿದೆ. ಲಿಂಕ್ಡ್‌ಹ್ಯಾಷ್‌ಮ್ಯಾಪ್‌ಗೂ ಈಗ ಪುಟ್‌ಫಸ್ಟ್, ಪುಟ್‌ಲಾಸ್ಟ್, ರಿವರ್ಸ್ಡ್ ಇವೆ. ಹೊಸದಾಗಿ ಶುರು ಮಾಡುವವರು ಇದರ ಮೇಲೆಯೇ ಡೆಕೊರೇಟರ್ ಬರೆಯಬಹುದು. ಆಗ ರಿವರ್ಸ್ಡ್ ಕೊಡುವ ತಿರುಗುಮುರುಗು ಮ್ಯಾಪ್ ಮೇಲೂ ಒಂದು ಟೆಸ್ಟ್ ಬರೆಯಿರಿ. ಅಲ್ಲಿ ಪುಟ್ ಮಾಡಿದ್ದು ಸೇರುವುದು ಮೂಲ ಮ್ಯಾಪ್‌ಗೇ.