ಖಾಲಿ ಬಕೆಟ್ಟು, ಬಾಯಿ ಒಡೆದ ಗಡಿಗೆ: ಮೊದಲು ನೀರಿನ ದಾರಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಸುಣ್ಣಬಣ್ಣ ಮುಗಿದ ಮೇಲೆ ಮೆಟ್ಟಿಲ ಕೆಳಗೆ ಒಂದೆರಡು ಇಪ್ಪತ್ತು ಲೀಟರಿನ ಬಕೆಟ್ಟುಗಳು ಉಳಿದೇ ಉಳಿಯುತ್ತವೆ. ಬೇಸಿಗೆ ಕಳೆದ ಮೇಲೆ ಬಾಯಿ ಒಡೆದ ಮಣ್ಣಿನ ಗಡಿಗೆ ಹಿತ್ತಿಲು ಸೇರುತ್ತದೆ. ಇವೆರಡನ್ನೂ ಕೈತೋಟಕ್ಕೆ ಹಾಕಿಕೊಳ್ಳುವುದು ಹೇಗೆ ಎನ್ನುವುದೇ ಇವತ್ತಿನ ಮಾತು. ಹಳೆಯ ಸಾಮಾನಿನಲ್ಲಿ ಗಿಡ ಸತ್ತರೆ ನಾವು ಮಣ್ಣನ್ನೋ ಬೀಜವನ್ನೋ ದೂರುತ್ತೇವೆ. ನಿಜವಾದ ತಪ್ಪು ಬಹಳ ಸಲ ತೂತಿನಲ್ಲಿರುತ್ತದೆ. ಬಕೆಟ್ಟು ಹುಟ್ಟಿದ್ದೇ ನೀರು ಹಿಡಿದಿಡಲು. ಗಿಡದ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಹಾಗಾಗಿ ನೀರು ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಅನ್ನುವುದನ್ನು ಮಣ್ಣು ತುಂಬುವ ಮೊದಲೇ ತೀರ್ಮಾನ ಮಾಡಬೇಕು.

ಮೊದಲು ಯಾವುದು ಬೇಡ ಅನ್ನುವುದನ್ನು ಹೇಳಿಬಿಡುತ್ತೇನೆ. ಕೀಟನಾಶಕ ತುಂಬಿದ್ದ ಕ್ಯಾನು ಎಷ್ಟು ತೊಳೆದರೂ ಬೇಡ. ಹಳೆಯ ಬ್ಯಾಟರಿಯ ಡಬ್ಬ ಬೇಡ, ಅದರಲ್ಲಿ ಸೀಸ ಉಳಿದಿರುತ್ತದೆ. ಎಣ್ಣೆ ಬಣ್ಣದ ತಗಡಿನ ಡಬ್ಬವೂ ತಿನ್ನುವ ಬೆಳೆಗೆ ಬೇಡ. ನೀರಿನಲ್ಲಿ ಕಲಸುವ ಎಮಲ್ಷನ್ ಬಣ್ಣದ ಬಕೆಟ್ಟು ಆಗಬಹುದು. ಅದನ್ನು ಎರಡು ದಿನ ಬಿಸಿಲಿಗಿಟ್ಟರೆ ಒಳಗಿನ ಬಣ್ಣದ ಪದರ ಒಣಗಿ, ಹಪ್ಪಳಿಕೆ ಎದ್ದು ಕೈಗೆ ಬರುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆಯಿರಿ. ಬಣ್ಣ ಹಸಿಯಾಗಿದ್ದಾಗಲೇ ತೊಳೆಯಲು ಹೋದರೆ ಅದೆಲ್ಲ ಚರಂಡಿ ಸೇರುತ್ತದೆ. ಬಕೆಟ್ಟಿನ ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಎಂದು ಅಚ್ಚಾಗಿದ್ದರೆ ಅದು ಕೈತೋಟಕ್ಕೆ ಒಗ್ಗುವ ಪ್ಲಾಸ್ಟಿಕ್.

ಈಗ ತಾನೇ ನೀರು ಕುಡಿಯುವ ಕುಂಡ. ಇದಕ್ಕೆ ಒಂದೇ ಅಳತೆಯ ಎರಡು ಬಕೆಟ್ಟು ಬೇಕು. ಒಂದರೊಳಗೆ ಇನ್ನೊಂದನ್ನು ಇಳಿಸಿ. ಬಕೆಟ್ಟು ಕೆಳಗೆ ಕಿರಿದಾಗಿರುವುದರಿಂದ ಒಳಗಿನದು ಪೂರ್ತಿ ಇಳಿಯದೆ ನಡುವೆ ನಿಲ್ಲುತ್ತದೆ. ಎರಡು ತಳಗಳ ನಡುವೆ ಉಳಿಯುವ ಜಾಗವೇ ನಮ್ಮ ನೀರಿನ ತೊಟ್ಟಿ. ಆ ಅಂತರ ಎಷ್ಟು ಎಂದು ತಿಳಿಯಲು ಕತ್ತರಿಸಿ ನೋಡಬೇಕಿಲ್ಲ. ಒಳಗಿನ ಬಕೆಟ್ಟಿನ ಬಾಯಿ ಹೊರಗಿನದಕ್ಕಿಂತ ಎಷ್ಟು ಮೇಲಿದೆಯೋ ತಳದಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂತರ ಇರುತ್ತದೆ. ಆರು ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಕೆಳಗೆ ಎರಡು ಹೆಂಚಿನ ಚೂರೋ, ಕತ್ತರಿಸಿದ ಪಿವಿಸಿ ಪೈಪಿನ ತುಂಡೋ ಇಟ್ಟು ಎತ್ತರಿಸಿ.

ಒಳಗಿನ ಬಕೆಟ್ಟಿನ ತಳದಲ್ಲಿ ಮೂರು ಬಗೆಯ ತೂತು ಮಾಡಬೇಕು. ನಟ್ಟನಡುವೆ ಒಂದು ದೊಡ್ಡದು, ಮೊಸರಿನ ಪ್ಲಾಸ್ಟಿಕ್ ಡಬ್ಬಿಯೊಂದು ಅಂಚು ಮೇಲೆ ಉಳಿದು ಕೆಳಗೆ ನೇತಾಡುವಷ್ಟು. ಸುತ್ತಲೂ ಪೆನ್ಸಿಲ್ ದಪ್ಪದ ಹನ್ನೆರಡು ಹದಿನೈದು ತೂತು, ಗಾಳಿಗೆ ಮತ್ತು ಮಳೆನೀರು ಇಳಿಯಲು. ತಳದ ಅಂಚಿನಲ್ಲಿ ಒಂದು ಇಂಚಿನ ಪೈಪು ತೂರುವಷ್ಟು ಇನ್ನೊಂದು. ಡ್ರಿಲ್ಲಿಂಗ್ ಮೆಷೀನು ಇದ್ದರೆ ತಳದ ಕೆಳಗೆ ಮರದ ತುಂಡು ಒತ್ತುಕೊಟ್ಟು ನಿಧಾನಕ್ಕೆ ತಿರುಗಿಸಿ. ವೇಗ ಹೆಚ್ಚಾಗಿ ಒತ್ತಡ ಬಿದ್ದರೆ, ಅದರಲ್ಲೂ ಬಿಸಿಲಿನಲ್ಲಿ ಬಹಳ ದಿನ ಇದ್ದ ಬಕೆಟ್ಟಾದರೆ, ತೂತಿನಿಂದ ಅಂಚಿನವರೆಗೂ ಸೀಳು ಬಿಡುತ್ತದೆ. ಮೆಷೀನು ಇಲ್ಲದವರು ಕಾಯಿಸಿದ ಕಬ್ಬಿಣದ ಸಲಾಕೆ ಬಳಸಬಹುದು. ಅದನ್ನು ಬಯಲಿನಲ್ಲಿ ಮಾಡಿ, ಹೊಗೆ ಕುಡಿಯಬೇಡಿ.

ಮೊಸರಿನ ಡಬ್ಬಿ ಈ ಕುಂಡದ ಜೀವ. ಅದರ ಮೈಗೂ ತಳಕ್ಕೂ ಸಣ್ಣ ಸಣ್ಣ ತೂತು ಮಾಡಿ, ನೆನೆಸಿದ ತೆಂಗಿನ ನಾರಿನ ಪುಡಿಯನ್ನು, ಅಂದರೆ ಕೋಕೋಪೀಟನ್ನು, ಒತ್ತಿ ಒತ್ತಿ ತುಂಬಿ. ಡಬ್ಬಿಯ ತಳ ಹೊರಗಿನ ಬಕೆಟ್ಟಿನ ತಳವನ್ನು ಮುಟ್ಟುವಂತಿರಬೇಕು. ತೊಟ್ಟಿಯ ನೀರು ಈ ಡಬ್ಬಿಯ ಮೂಲಕವೇ ಮೇಲಕ್ಕೆ ಹತ್ತುವುದು. ಸಡಿಲವಾಗಿ ತುಂಬಿದರೆ ನಡುವೆ ಗಾಳಿ ಸೇರಿ ನೀರು ಅಲ್ಲೇ ನಿಂತುಬಿಡುತ್ತದೆ. ಕೆಳಗೆ ನೀರು ತುಂಬಿದ್ದರೂ ಮೇಲೆ ಗಿಡ ಬಾಡಿದರೆ ಕಾರಣ ಸಾಮಾನ್ಯವಾಗಿ ಇದೇ.

ನೀರು ಹಾಕುವ ಪೈಪಿನ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದರೆ ಅದು ತಳಕ್ಕೆ ಅಂಟಿ ಕೂತು ನೀರು ಇಳಿಯುವುದೇ ಇಲ್ಲ. ಇನ್ನು ಹೊರಗಿನ ಬಕೆಟ್ಟಿಗೆ ಒಂದೇ ಒಂದು ತೂತು, ಆದರೆ ಅದರ ಜಾಗ ಕರಾರುವಾಕ್ಕಾಗಿರಬೇಕು. ಒಳಗಿನ ಬಕೆಟ್ಟಿನ ತಳಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ, ಪಕ್ಕದಲ್ಲಿ. ತೊಟ್ಟಿ ತುಂಬಿದಾಗ ಹೆಚ್ಚಿನ ನೀರು ಇದರಿಂದ ಹೊರಗೆ ಬೀಳುತ್ತದೆ, ಬೇರಿನ ಕೆಳಗೆ ಒಂದು ಪದರ ಗಾಳಿ ಸದಾ ಉಳಿಯುತ್ತದೆ. ಇದನ್ನು ಮರೆತರೆ ಒಂದು ದೊಡ್ಡ ಮಳೆ ಸಾಕು, ಬೇರು ಕೊಳೆಯುತ್ತದೆ.

ಇಲ್ಲಿ ಸೊಳ್ಳೆಯ ವಿಷಯವನ್ನು ಒತ್ತಿ ಹೇಳಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಹೆಚ್ಚುಕಡಿಮೆ ಒಂದು ವಾರ ಸಾಕು. ಹೊರ ತೂತಿಗೆ ಕಿಟಕಿಯ ಸೊಳ್ಳೆ ಪರದೆಯ ತುಂಡು ಅಂಟಿಸಿ. ಪೈಪಿನ ಬಾಯಿಗೆ ಮುಚ್ಚಳ ಹಾಕಿ, ಇಲ್ಲವೇ ಬಟ್ಟೆ ಕಟ್ಟಿ. ಎರಡು ಬಕೆಟ್ಟುಗಳ ಅಂಚಿನ ನಡುವೆ ಸಂದು ಇದ್ದರೆ ಅಲ್ಲೂ ಹಳೆಯ ಬಟ್ಟೆ ತುರುಕಿ. ಇಷ್ಟು ಮಾಡಲು ಆಗದಿದ್ದರೆ ಈ ಕುಂಡವನ್ನು ಮಾಡಲೇಬೇಡಿ, ಮಾಮೂಲಿ ಕುಂಡವೇ ವಾಸಿ.

ಮಣ್ಣಿನ ಮಿಶ್ರಣ ಹಗುರವಾಗಿರಬೇಕು. ಎರಡು ಪಾಲು ಕೋಕೋಪೀಟು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೆಂಪುಮಣ್ಣು, ಬಕೆಟ್ಟಿಗೆ ಎರಡು ಹಿಡಿ ಬೇವಿನ ಹಿಂಡಿ. ಅಂಗಡಿಯಲ್ಲಿ ಸಿಗುವ ಐದು ಕಿಲೋ ಕೋಕೋಪೀಟಿನ ಇಟ್ಟಿಗೆ ನೀರು ಕುಡಿದು ಸುಮಾರು ಅರವತ್ತು ಲೀಟರಿನಷ್ಟು ಉಬ್ಬುತ್ತದೆ. ಅದರಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಎರಡು ಮೂರು ಸಲ ನೆನೆಸಿ, ಹಿಂಡಿ, ನೀರು ಚೆಲ್ಲಿ ಆಮೇಲೆ ಬಳಸಿ. ಬರೀ ಹೊಲದ ಮಣ್ಣು ತುಂಬಿದರೆ ಕೆಳಗೆ ಕೆಸರು, ಮೇಲೆ ಗಟ್ಟಿ ಹೆಂಟೆ ಆಗುತ್ತದೆ. ಗಿಡ ನೆಟ್ಟ ದಿನ ಮಾತ್ರ ಮೇಲಿನಿಂದ ನೀರು ಹಾಕಿ, ಪಕ್ಕದ ತೂತಿನಲ್ಲಿ ನೀರು ಬರುವ ತನಕ. ಒಣಗಿದ ಮಿಶ್ರಣ ಕೆಳಗಿನಿಂದ ನೀರು ಎಳೆಯಲಾರದು, ಮೊದಲು ಅದು ನೆನೆದಿರಬೇಕು. ಅಲ್ಲಿಂದಾಚೆಗೆ ಪೈಪಿಗೇ ನೀರು.

ಐದು ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಸುಮಾರು ಎರಡೂವರೆ ಲೀಟರ್ ನೀರು ನಿಲ್ಲುತ್ತದೆ. ಪುದೀನ, ದೊಡ್ಡಪತ್ರೆ, ಎಳೆಯ ಮೆಣಸಿನ ಗಿಡಕ್ಕೆ ಇದು ಮೂರು ನಾಲ್ಕು ದಿನ ಬರುತ್ತದೆ. ಕಾಯಿ ಕಚ್ಚಿದ ಟೊಮೇಟೊ ಮಾತ್ರ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಹಾಗಾಗಿ ವಾರಗಟ್ಟಲೆ ಊರಿಗೆ ಹೋಗಿ ಬರಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದೇ ಬಕೆಟ್ಟು ಇರುವವರು ತಳದಲ್ಲಿ ಕಿರುಬೆರಳು ತೂರುವಷ್ಟು ದಪ್ಪದ ಆರೆಂಟು ತೂತು ಮಾಡಿ, ಎರಡು ಇಟ್ಟಿಗೆಯ ಮೇಲೆ ಕೂರಿಸಿದರೆ ಸಾಕು. ಕೆಳಗೆ ಜಲ್ಲಿಕಲ್ಲು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎನ್ನುವ ನಂಬಿಕೆ ಎಲ್ಲೆಡೆ ಇದೆ. ಅದು ಸರಿಯಲ್ಲ. ಪಾತ್ರೆ ತಿಕ್ಕುವ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡವಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದುದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಮಣ್ಣಿನಲ್ಲೂ ಹೀಗೆಯೇ, ತಳದ ಕೆಲವು ಬೆರಳಷ್ಟು ಭಾಗ ಯಾವಾಗಲೂ ತೊಯ್ದೇ ಇರುತ್ತದೆ. ನುಣುಪು ಮಣ್ಣಿನ ನೀರು ಕೆಳಗಿನ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ಕಟ್ಟಿ ನಿಲ್ಲುತ್ತದೆ. ಅಂದರೆ ಕೆಸರಿನ ಪದರ ಬೇರಿಗೆ ಇನ್ನಷ್ಟು ಹತ್ತಿರ ಬಂದ ಹಾಗಾಯಿತು. ತೂತಿನಿಂದ ಮಣ್ಣು ಸೋರದಿರಲು ಒಂದು ಹೆಂಚಿನ ಚೂರು ಅಥವಾ ಹಿಡಿ ತೆಂಗಿನ ನಾರು ಇಟ್ಟರೆ ಆಯಿತು.

ಇಟ್ಟಿಗೆಯ ಮೇಲೆ ಇಡುವುದರಿಂದ ತಾರಸಿಗೂ ಒಳ್ಳೆಯದು, ಬಕೆಟ್ಟಿನಡಿ ತೇವ ನಿಲ್ಲುವುದಿಲ್ಲ. ಒದ್ದೆ ಮಣ್ಣು ತುಂಬಿದ ಒಂದು ಬಕೆಟ್ಟು ಇಪ್ಪತ್ತು ಕಿಲೋ ತೂಗುತ್ತದೆ ಎಂದುಕೊಳ್ಳಿ. ಹತ್ತು ಬಕೆಟ್ಟಿಗೆ ಇನ್ನೂರು ಕಿಲೋ. ಅವನ್ನು ತಾರಸಿಯ ನಡುವೆ ಗುಂಪಾಗಿ ಇಡದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಅಂಚಿನಲ್ಲಿ ಸಾಲಾಗಿ ಇಡಿ. ಬಿಳಿ ಬಕೆಟ್ಟಿನೊಳಗೆ ಬೆಳಕು ತೂರಿ ಪಾಚಿ ಕಟ್ಟುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಸುತ್ತ ಗೋಣಿಚೀಲ ಸುತ್ತಿದರೆ ಎರಡಕ್ಕೂ ಪರಿಹಾರ.

ಈಗ ಗಡಿಗೆಗೆ ಬರೋಣ. ಇದು ನೆಲದಲ್ಲಿ ತೋಟ ಇರುವವರಿಗೆ, ಅದರಲ್ಲೂ ಕೋಲಾರ, ತುಮಕೂರು, ಚಿತ್ರದುರ್ಗದಂಥ ಬಯಲುಸೀಮೆಯವರಿಗೆ ನಿಜವಾದ ಆಸ್ತಿ. ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಡುವ ಪದ್ಧತಿ ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಕೃಷಿ ಬರಹಗಳಲ್ಲಿ ದಾಖಲಾಗಿದೆ. ಕೆಲಸ ಮಾಡುವ ಬಗೆ ಸರಳ. ಸುತ್ತಲ ಮಣ್ಣು ಒಣಗಿದಾಗ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ತೊಯ್ದಾಗ ಎಳೆಯುವುದು ತಗ್ಗುತ್ತದೆ. ಇಲ್ಲಿ ನಾವು ತೂತು ಮಾಡುವ ಹಾಗೇ ಇಲ್ಲ. ತಳಕ್ಕೆ ತೂತು ಕೊರೆದರೆ ನೀರೆಲ್ಲ ಗಂಟೆಯೊಳಗೆ ಕೆಳಗಿಳಿದು ಪೋಲಾಗುತ್ತದೆ.

ಕುಡಿಯುವ ನೀರಿಗೆ ವರ್ಷಗಟ್ಟಲೆ ಬಳಸಿದ ಗಡಿಗೆಯ ರಂಧ್ರಗಳು ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಿಂದ ಮುಚ್ಚಿಹೋಗಿರಬಹುದು. ಹೂಳುವ ಮುಂಚೆ ನೀರು ತುಂಬಿ ಒಂದು ದಿನ ಬಿಡಿ. ಹೊರಮೈ ತಣ್ಣಗೆ, ತೇವವಾಗಿದ್ದರೆ ಆಗುತ್ತದೆ. ಒಣಗಿಯೇ ಇದ್ದರೆ ಗಟ್ಟಿ ಹುಣಸೆಹುಳಿ ನೀರು ಅಥವಾ ವಿನೆಗರ್ ಹಾಕಿ ರಾತ್ರಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ ಮತ್ತೆ ನೋಡಿ. ಬಾಯಿ ಒಡೆದಿದ್ದರೆ ಚಿಂತೆಯಿಲ್ಲ. ತಳ ಬಿರಿದಿದ್ದರೆ ಎಂ-ಸೀಲ್ ಹಚ್ಚಿ ಮುಚ್ಚಬಹುದು. ಬಣ್ಣ ಬಳಿದ, ಮೆರುಗು ಕೊಟ್ಟ ಗಡಿಗೆ ಮಾತ್ರ ಇದಕ್ಕೆ ಬರುವುದಿಲ್ಲ.

ಗಡಿಗೆಗಿಂತ ಸ್ವಲ್ಪ ಅಗಲದ ಗುಣಿ ತೆಗೆದು, ಬಾಯಿ ನೆಲದಿಂದ ಎರಡು ಬೆರಳು ಮೇಲಿರುವಂತೆ ಇಳಿಸಿ, ಸುತ್ತ ಗೊಬ್ಬರ ಬೆರೆಸಿದ ಮಣ್ಣನ್ನು ಸಂದಿಲ್ಲದಂತೆ ಒತ್ತಿ. ಎರೆಮಣ್ಣಿನ ಊರುಗಳಲ್ಲಿ ಇದಕ್ಕೆ ಹೆಚ್ಚು ಎಚ್ಚರ ಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಗಡಿಗೆಯ ಗೋಡೆಯಿಂದ ದೂರ ಸರಿಯುತ್ತದೆ. ಮಣ್ಣು ಮುಟ್ಟದ ಕಡೆ ನೀರು ಹೊರಗೆ ಬರುವುದಿಲ್ಲ. ಅಲ್ಲಿ ಗಡಿಗೆಯ ಸುತ್ತ ಕೆಂಪುಮಣ್ಣು, ಮರಳು ಬೆರೆಸಿ ತುಂಬಿ. ಗಿಡಗಳನ್ನು ಗಡಿಗೆಯಿಂದ ಒಂದು ಗೇಣಿನೊಳಗೆ ನೆಡಿ. ಬದನೆ, ಮೆಣಸು, ಹೀರೆ, ಸೋರೆ ಚೆನ್ನಾಗಿ ಬರುತ್ತವೆ. ನುಗ್ಗೆ, ನಿಂಬೆಯಂಥ ಮರವಾಗುವ ಗಿಡ ಬೇಡ, ಬೇರು ಬಲಿತು ಗಡಿಗೆಯನ್ನೇ ಸೀಳುತ್ತದೆ. ಸಸಿಯ ಬೇರು ಗಡಿಗೆಯ ತೇವವನ್ನು ತಲುಪುವವರೆಗೆ ಎರಡು ಮೂರು ವಾರ ಮೇಲಿನಿಂದಲೂ ನೀರು ಕೊಡಿ. ಬಾಯಿಗೆ ಚಪ್ಪಡಿಯೋ ಹಳೆಯ ತಟ್ಟೆಯೋ ಮುಚ್ಚಿ. ಸೊಳ್ಳೆಗೂ ತಡೆ, ಅಳಿಲು, ಓತಿಕ್ಯಾತ ಬಿದ್ದು ಸಾಯುವುದೂ ತಪ್ಪುತ್ತದೆ.

ಸಣ್ಣಪುಟ್ಟ ಸಾಮಾನುಗಳಲ್ಲಿ ಲಂಗದ ಲಾಡಿಯನ್ನು ಹೇಳಲೇಬೇಕು. ನೀರಿನ ಬಾಟಲಿಯಿಂದ ಸಣ್ಣ ಕುಂಡಕ್ಕೆ ಬತ್ತಿಯಾಗಿ ಹತ್ತಿಯ ಲಾಡಿಯಷ್ಟು ಚೆನ್ನಾಗಿ ನೀರೆಳೆಯುವುದು ಮನೆಯಲ್ಲಿ ಇನ್ನೊಂದಿಲ್ಲ. ಕೆಲವು ತಿಂಗಳಲ್ಲಿ ಕೊಳೆಯುತ್ತದೆ, ಬದಲಿಸಬೇಕು. ಹಳೆಯ ಹತ್ತಿ ಸೀರೆಯ ಅಂಚು ಹರಿದು ಟೊಮೇಟೊ ಕಾಂಡವನ್ನು ಕೋಲಿಗೆ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿದರೆ ಕಾಂಡ ಕೊಯ್ಯುವುದಿಲ್ಲ. ಟೈರಿನೊಳಗೆ ಮಳೆನೀರು ನಿಂತು ಸೊಳ್ಳೆಯ ತವರಾಗುತ್ತದೆ. ಬಳಸಲೇಬೇಕೆಂದರೆ ಕೆಳಮೈಗೆ ತೂತು ಮಾಡಿ ಹೂಗಿಡಕ್ಕಷ್ಟೇ ಇಟ್ಟುಕೊಳ್ಳಿ.

ಕೊನೆಗೆ ಬಕೆಟ್ಟಿನ ಕುಂಡದ ಆರೈಕೆಯಲ್ಲಿ ಬಹಳ ಜನ ಮರೆಯುವ ಒಂದು ಕೆಲಸ. ನೀರು ಸದಾ ಕೆಳಗಿನಿಂದ ಮೇಲಕ್ಕೆ ಹತ್ತಿ ಆವಿಯಾಗುವುದರಿಂದ ಅದರ ಉಪ್ಪೆಲ್ಲ ಮೇಲ್ಮಣ್ಣಿನಲ್ಲಿ ಉಳಿದು ಬಿಳಿ ಪೊರೆ ಕಟ್ಟುತ್ತದೆ. ಎಲೆಯ ತುದಿ ಕಂದಾಗಿ ಸುಡಲು ಶುರುವಾದರೆ ಇದೇ ಕಾರಣ ಇರಬಹುದು. ತಿಂಗಳಿಗೊಮ್ಮೆ ಆ ಪೊರೆಯನ್ನು ಕೆರೆದು ತೆಗೆದು, ಸಾಧ್ಯವಾದರೆ ಹಿಡಿದಿಟ್ಟ ಮಳೆನೀರನ್ನೇ ಮೇಲಿನಿಂದ ಹಾಕಿ, ಪಕ್ಕದ ತೂತಿನಿಂದ ಎರಡು ಮೂರು ಲೀಟರ್ ಹೊರಗೆ ಹರಿದು ಹೋಗುವವರೆಗೆ ಬಿಡಿ. ಆ ನೀರನ್ನು ಮತ್ತೆ ಗಿಡಕ್ಕೆ ಹಾಕಬೇಡಿ. ಮಳೆಗಾಲದಲ್ಲಿ ಈ ಕೆಲಸವನ್ನು ಮಳೆಯೇ ಮಾಡುತ್ತದೆ, ನೀವು ತೂತಿನ ಪರದೆಗೆ ಬೇರು ಕಟ್ಟಿಕೊಂಡಿಲ್ಲ ಎಂದಷ್ಟೇ ನೋಡಿಕೊಂಡರೆ ಸಾಕು. ನಮಸ್ಕಾರ.