ಅನಾಮಿಕ ಬರೆದ ಹನ್ನೊಂದು ಬರಹ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಅಡಿಕೆ ಊರುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದ ಕಾಲ. ಲೇಖಕರ ಹೆಸರಿಲ್ಲದ ಬರಹ ಸಿಕ್ಕರೆ ಆಕರ ಪಟ್ಟಿಯಲ್ಲಿ ಸುಮ್ನೆ ‘ಅನಾಮಿಕ’ ಅಂತ ಬರೆದುಬಿಡುತ್ತಿದ್ದೆ. ಅಕಾರಾದಿಯಾಗಿ ಜೋಡಿಸಿದಾಗ ಹನ್ನೊಂದು ಅನಾಮಿಕರು ಪಟ್ಟಿಯ ಮೊದಲಿಗೇ ಸಾಲಾಗಿ ಕೂತಿದ್ದರು. ಗೈಡ್ ಕೇಳಿದರು, “ಯಾರು ಮಾರಾಯ ಈ ಅನಾಮಿಕ? ಕೊಳೆರೋಗದಿಂದ ಹಿಡಿದು ಶಾಸನದವರೆಗೆ ಎಲ್ಲ ಬರೆದಿದ್ದಾನಲ್ಲ!”

ಹನ್ನೊಂದನ್ನೂ ಮತ್ತೆ ತೆಗೆದು ನೋಡಿದೆ. ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ಎಷ್ಟೆಷ್ಟು ಬೆರೆಸಬೇಕು ಅಂತ ಹೇಳುವ ಒಂದು ಕರಪತ್ರ. ಬರೆದವರ ಹೆಸರಿಲ್ಲ, ನಿಜ. ಆದರೆ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ತೋಟಗಾರಿಕೆ ಇಲಾಖೆ’ ಅಂತ ಇತ್ತು. ಹಾಗಾದರೆ ಇಲಾಖೆಯೇ ಲೇಖಕ. ಜನಗಣತಿ ವರದಿಗೂ ಇದೇ ದಾರಿ.

ಸಂಸ್ಥೆಯ ಹೆಸರೂ ಇಲ್ಲದಿದ್ದರೆ? ಆಗ ತಲೆಬರಹವೇ ಲೇಖಕರ ಜಾಗಕ್ಕೆ ಬರುತ್ತದೆ. ಪತ್ರಿಕೆಯ ಸುದ್ದಿಯೊಂದಕ್ಕೆ ‘ಮಳೆಗೆ ಕೊಚ್ಚಿಹೋದ ಕಾಲುಸಂಕ’ ಅಂತ ತಲೆಬರಹವಿದ್ದರೆ, ಪಟ್ಟಿಯಲ್ಲಿ ಅದು ‘ಮ’ ಅಕ್ಷರಕ್ಕೆ ಹೋಗುತ್ತದೆ. ಆಕರ ಬರೆಯೋದಕ್ಕೆ ಎಪಿಎ, ಎಂಎಲ್‌ಎ ಅಂತ ಪದ್ಧತಿಗಳಿವೆ. ಎಪಿಎಯಲ್ಲಿ ತಲೆಬರಹ ಆದ ಕೂಡಲೇ ವರ್ಷ. ಎಂಎಲ್‌ಎಯಲ್ಲಿ ಪತ್ರಿಕೆಯ ಹೆಸರಾದ ಮೇಲೆ. ಪ್ರಬಂಧದ ಒಳಗೆ ಕಂಸದಲ್ಲಿ ತಲೆಬರಹದ ಮೊದಲ ಒಂದೆರಡು ಪದ ಸಾಕು. ಬರಹದ ಮೇಲೆಯೇ ‘ಅನಾಮಿಕ’ ಅಂತ ಅಚ್ಚಾಗಿದ್ದರೆ ಮಾತ್ರ ಎಪಿಎ ಆ ಪದವನ್ನು ಒಪ್ಪುತ್ತದೆ.

ನನಗೆ ಜಾಸ್ತಿ ನಾಚಿಕೆಯಾಗಿದ್ದು ಶಾಸನದ ವಿಷಯಕ್ಕೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬ ಇದೆಯಲ್ಲ, ಮಯೂರಶರ್ಮ ಓದಲು ಕಂಚಿಗೆ ಹೋದ ಕಥೆ ಹೇಳುವುದು, ಅದಕ್ಕೂ ‘ಅನಾಮಿಕ’ ಅಂತ ಹಾಕಿದ್ದೆ. ಕಲ್ಲಿಗೆಲ್ಲಿಯ ಲೇಖಕ ಅಂದುಕೊಂಡು! ಅನುವಾದ ಓದಿದರೆ, ಕೊನೆಯಲ್ಲಿ ಕವಿ ಕುಬ್ಜ ತನ್ನ ಹೆಸರು ಹೇಳಿದ್ದಾನೆ. ತನ್ನ ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಅಂತಲೂ ಹೇಳಿಕೊಂಡಿದ್ದಾನೆ. ಸುಮಾರು 1500 ವರ್ಷದಿಂದ ಅಲ್ಲೇ ಇದ್ದ ಹೆಸರು, ನಾನು ನೋಡಿರಲಿಲ್ಲ ಅಷ್ಟೇ. ಕವಿಯ ಹೆಸರೇ ಇಲ್ಲದ ಶಾಸನಗಳೂ ಬೇಕಾದಷ್ಟಿವೆ. ಅವುಗಳಿಗೆ ಸಂಪುಟ, ತಾಲ್ಲೂಕು, ಸಂಖ್ಯೆ ಕೊಡುವುದು ರೂಢಿ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ ಇದೆಯಲ್ಲ, 1902ರಲ್ಲಿ ಬಂದ ಅದರ 7ನೇ ಸಂಪುಟದಲ್ಲಿ ತಾಳಗುಂದದ ಕಂಬ ‘ಶಿಕಾರಿಪುರ 176’. ಅಷ್ಟು ಬರೆದರೆ ಯಾರು ಬೇಕಾದರೂ ಹುಡುಕಿ ತೆಗೆಯಬಹುದು.

ಹನ್ನೊಂದರಲ್ಲಿ ಇನ್ನೊಂದು, ಮದುವೆ ಮನೆಯಲ್ಲಿ ಹೇಳುವ ಹಸೆ ಹಾಡು. ಕಟ್ಟಿದವರು ಯಾರೋ, ಯಾವ ಕಾಲದವರೋ. ಆದರೆ ನನ್ನೆದುರು ಕೂತು, ಎಲೆ ಅಡಿಕೆ ಉಗಿದು ಬಂದು ಹಾಡಿದ ಅಜ್ಜಿಗೆ ಹೆಸರಿದೆ, ಊರಿದೆ, ರೆಕಾರ್ಡ್ ಮಾಡಿದ ದಿನ ಇದೆ. ಅವರನ್ನೂ ಅನಾಮಿಕ ಮಾಡಿದ್ದೆ ನೋಡಿ.

ಹನ್ನೊಂದರಲ್ಲಿ ಕೊನೆಗೆ ತಲೆಬರಹದಿಂದಲೇ ಶುರುವಾಗಬೇಕಾದ್ದು ಉಳಿದದ್ದು ಮೂರೇ ಮೂರು.