ಕುಂಡಕ್ಕೆ ತಳ ಇದೆ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಪೊದೆ ಮೆಣಸಿನ, ಅಂದರೆ ಪೊದೆಯಾಗಿ ಬೆಳೆಯುವ ಕಾಳುಮೆಣಸಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಬುಷ್ ಪೆಪ್ಪರ್ ಅಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಅದನ್ನು ಕುಂಡದಲ್ಲಿ ಬೆಳೆಸುವುದೋ, ನೆಲದಲ್ಲಿ ನೆಡುವುದೋ? ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ನನ್ನನ್ನು ಇದೇ ಕೇಳುತ್ತಾರೆ. ನನ್ನ ಉತ್ತರ ಒಂದೇ. ಎಲ್ಲಿ ಬೇಕಾದರೂ ಬೆಳೆಸಿ, ನೀರು ಹೊರಗೆ ಹೋಗಲು ದಾರಿ ಕೊಡಿ.

ಈ ಮಾತು ಹತ್ತಾರು ಎಕರೆ ತೋಟ ಇರುವವರಿಗಲ್ಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಐದಾರು ಸೆಂಟ್ ಜಾಗದಲ್ಲಿ ಮನೆ ಕಟ್ಟಿಕೊಂಡು, ಅಡುಗೆಗೆ ನಾಲ್ಕು ತೆನೆ ಹಸಿ ಮೆಣಸು ಕೈಗೆ ಸಿಕ್ಕರೆ ಸಾಕು ಅನ್ನುವವರಿಗೆ.

ಮೊದಲು ಗಿಡ ಯಾವುದು ಅಂತ ಹೇಳಿಬಿಡುತ್ತೇನೆ. ತೋಟದ ಮೆಣಸಿನ ಬಳ್ಳಿ ನೋಡಿದ್ದೀರಲ್ಲ? ಬುಡದಲ್ಲಿ ನೆಲದ ಮೇಲೆ ಹರಿದಾಡುವ ಹಂಬು ಒಂದು ಬಗೆ. ಸಿಲ್ವರ್ ಓಕನ್ನೋ ಹಾಲುವಾಣವನ್ನೋ ಹಿಡಿದು ಮೇಲೇರುವ ಬಳ್ಳಿ ಇನ್ನೊಂದು. ಆ ಬಳ್ಳಿಯಿಂದ ಪಕ್ಕಕ್ಕೆ ಚಾಚುವ ಅಡ್ಡ ಕವಲು ಮೂರನೆಯದು. ತೆನೆ ಬಿಡುವುದು ಈ ಅಡ್ಡ ಕವಲಿನಲ್ಲಿ. ಮರವನ್ನು ಹಿಡಿಯುವ ಬೇರು ಇದಕ್ಕೆ ಬರುವುದಿಲ್ಲ. ಹಾಗಾಗಿ ಇದನ್ನು ಕತ್ತರಿಸಿ ಬೇರು ಬರಿಸಿ ನೆಟ್ಟರೆ ಹತ್ತುವುದಿಲ್ಲ, ಪೊದೆಯಾಗಿ ಹರಡಿಕೊಳ್ಳುತ್ತದೆ. ಬಳ್ಳಿಯಾದರೆ ಮೂರು ವರ್ಷ ಕಾಯಬೇಕು. ಪೊದೆ ಬೇಗನೆ ತೆನೆ ಬಿಡುತ್ತದೆ. ನೀರು ಕೊಡುತ್ತಿದ್ದರೆ ಬೇಸಿಗೆಯಲ್ಲೂ ಒಂದೆರಡು ತೆನೆ ಇದ್ದೇ ಇರುತ್ತದೆ.

ಈಗ ಕುಂಡದ ವಿಷಯ. ದಯವಿಟ್ಟು ಒಂದು ಕೆಲಸ ಮಾಡಿ. ಪಾತ್ರೆ ತೊಳೆಯುವ ಉದ್ದನೆಯ ಸ್ಪಂಜು ಮನೆಯಲ್ಲಿ ಇದೆ ಅಲ್ವಾ? ಅದನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ. ಮಲಗಿಸಿದ ಹಾಗೆ ಅಂಗೈ ಮೇಲೆ ಹಿಡಿಯಿರಿ, ಹಿಂಡಬೇಡಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರೂ ಅದೇ. ಎತ್ತರ ಮಾತ್ರ ಬದಲಾಯಿತು. ಕುಂಡದ ಮಣ್ಣೂ ಹೀಗೆಯೇ. ತಳದ ಹತ್ತಿರ ಒಂದು ಪದರ ಕೆಸರು ಯಾವಾಗಲೂ ನಿಲ್ಲುತ್ತದೆ. ಕುಂಡ ಗಿಡ್ಡ ಇದ್ದರೆ ಬೇರೆಲ್ಲ ಆ ಕೆಸರಿನಲ್ಲೇ. ಎತ್ತರ ಇದ್ದರೆ ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ನೆಲದಲ್ಲಿ ಮಣ್ಣು ಕೆಳಗೆ ಹೋಗುತ್ತಲೇ ಇರುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಕುಂಡಕ್ಕೆ ತಳ ಇದೆ, ನೆಲಕ್ಕೆ ತಳ ಇಲ್ಲ. ಇರುವ ವ್ಯತ್ಯಾಸ ಇಷ್ಟೇ.

ತಳಕ್ಕೆ ಜಲ್ಲಿ ಹಾಕಿದ್ದೇವೆ ಸಾರ್ ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಜಲ್ಲಿ ಹಾಕಬೇಡಿ. ನುಣುಪು ಮಣ್ಣಿನಲ್ಲಿ ಹಿಡಿದುಕೊಂಡ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಕೆಸರಿನ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರವಾಗಿ. ಜಲ್ಲಿ ಹಾಕುವ ಬದಲು ತಳಕ್ಕೆ ಇನ್ನೆರಡು ತೂತು ಕೊರೆಯಿರಿ.

ನಾಪೋಕ್ಲು ಕಡೆ ನಮ್ಮ ದೊಡ್ಡಮ್ಮನ ಮಗಳು ಇದ್ದಾಳೆ. ಅಕ್ಕನಿಗೆ ಗಿಡ ಅಂದರೆ ಪ್ರಾಣ. ಒಂದು ವರ್ಷ ಹದಿನಾಲ್ಕು ಕುಂಡದಲ್ಲಿ ಪೊದೆ ಮೆಣಸು ಇಟ್ಟಳು. ಅಂಗಳಕ್ಕೆ ಆಗ ತಾನೇ ಹೊಸ ಟೈಲ್ಸ್ ಹಾಕಿಸಿದ್ದರು. ಕೆಂಪು ಮಣ್ಣಿನ ಕಲೆ ಆಗಬಾರದು ಅಂತ ಪ್ರತಿ ಕುಂಡದ ಕೆಳಗೂ ಪ್ಲಾಸ್ಟಿಕ್ ತಟ್ಟೆ ಇಟ್ಟಳು. ಏಪ್ರಿಲ್, ಮೇ ತಿಂಗಳಲ್ಲಿ ಗಿಡ ನೋಡಿದರೆ ಕಣ್ಣು ತುಂಬುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ತಟ್ಟೆ ತುಂಬಿತು, ತುಂಬಿದ್ದು ಖಾಲಿ ಆಗಲೇ ಇಲ್ಲ. ಎಲೆ ಹಳದಿ ಆಯಿತು. ಅಕ್ಕ ಯೂರಿಯಾ ಹಾಕಿದಳು. ಇನ್ನೂ ಹಳದಿ ಆಯಿತು, ಇನ್ನೊಂದು ಚಮಚ ಹಾಕಿದಳು.

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಾನು ಹೋದಾಗ ಗಿಡ ಗಿಣ್ಣು ಗಿಣ್ಣಾಗಿ ಕಳಚಿ ಬೀಳುತ್ತಿತ್ತು. ಒಂದು ಕುಂಡ ಮಗುಚಿ ಮಣ್ಣನ್ನು ಮೂಸಿ ನೋಡಿದೆ. ಕೊಳೆತ ಮೊಟ್ಟೆಯ ವಾಸನೆ. ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂತು, ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯಿತು.

"ಯೂರಿಯಾ ಯಾಕೆ ಹಾಕಿದೆ ಅಕ್ಕ?" ಅಂದೆ.

"ಎಲೆ ಹಳದಿ ಆದರೆ ಗೊಬ್ಬರ ಕಮ್ಮಿ ಅಂತ ಅಲ್ವಾ?" ಅಂದಳು.

ಗೊಬ್ಬರ ಇತ್ತು. ಅದನ್ನು ತಿನ್ನಲು ಬೇರೇ ಇರಲಿಲ್ಲ. ಉಸಿರು ಕಟ್ಟಿದ ಬೇರಿನ ಗಿಡವೂ ಹಳದಿಯೇ ಆಗುತ್ತದೆ. ಹದಿನಾಲ್ಕರಲ್ಲಿ ಮೂರು ಗಿಡ ಮಾತ್ರ ಹಸಿರಾಗಿ ನಿಂತಿದ್ದವು. ಹೋಗಿ ನೋಡಿದರೆ ಮೂರೂ ಮೆಟ್ಟಿಲ ಮೇಲಿದ್ದವು. ಮೆಟ್ಟಿಲಿಗೆ ಹಳೆಯ ಕಲ್ಲು, ಕಲೆಯ ಚಿಂತೆ ಇಲ್ಲ ಅಂತ ಅಲ್ಲಿ ತಟ್ಟೆ ಇಟ್ಟಿರಲಿಲ್ಲ. ಅದೇ ಮಣ್ಣು, ಅದೇ ಮಳೆ, ಅದೇ ಅಕ್ಕನ ಕೈ.

ಮೆಣಸಿಗೆ ನಿಂತ ನೀರು ಇನ್ನೊಂದು ರೀತಿಯಲ್ಲೂ ಕೇಡು. ಸೊರಗು ರೋಗದ ಹೆಸರು ಕೇಳದ ಕೊಡಗಿನವರು ಯಾರಿದ್ದಾರೆ? ಅದನ್ನು ತರುವ ಫೈಟಾಫ್ತೊರ ಎಂಬ ರೋಗಾಣು ನೀರಿನಲ್ಲಿ ಈಜುತ್ತದೆ. ನಿಜವಾಗಿಯೂ ಬಾಲ ಬಡಿದುಕೊಂಡು ಈಜಿ ಬೇರಿಗೆ ಬಂದು ಅಂಟುತ್ತದೆ. ನೀರು ನಿಲ್ಲಿಸಿದರೆ ಅದಕ್ಕೆ ಕೆರೆ ಕಟ್ಟಿಕೊಟ್ಟ ಹಾಗೆ.

ಕಥೆ ಇನ್ನೂ ಮುಗಿದಿಲ್ಲ. ಮರುವರ್ಷ ಅಕ್ಕ ಕುಂಡದ ಸಹವಾಸವೇ ಬೇಡ ಅಂದಳು. ನೆಲದಲ್ಲೇ ನೆಡುತ್ತೇನೆ ಅಂತ ಹಳೆಯ ಕಾಫಿ ಕಣದ ಅಂಚಿನಲ್ಲಿ ಎರಡಡಿ ಆಳದ ಗುಂಡಿ ತೆಗೆಸಿದಳು. ಒಳಗೆ ಒಳ್ಳೆಯ ಕಾಡುಮಣ್ಣು, ಸಗಣಿ ಗೊಬ್ಬರ ತುಂಬಿಸಿ ನೆಟ್ಟಳು. ಕಣದ ನೆಲ ಹೇಗಿರುತ್ತದೆ ನಿಮಗೇ ಗೊತ್ತು. ವರ್ಷಾನುಗಟ್ಟಲೆ ಬಡಿದು ತುಳಿದು ಕಲ್ಲಾಗಿರುತ್ತದೆ. ಮಳೆ ಬಂದಾಗ ಕಣದ ನೀರೆಲ್ಲ ಆ ಮೆತ್ತನೆ ಗುಂಡಿಗಳಿಗೆ ಇಳಿಯಿತು. ಇಳಿದದ್ದು ಅಲ್ಲೇ ನಿಂತಿತು. ಅಕ್ಕ ನೆಲದಲ್ಲಿ ನೆಟ್ಟಿರಲಿಲ್ಲ, ನೆಲದೊಳಗೆ ತೂತಿಲ್ಲದ ಕುಂಡ ಹೂತು ಅದರಲ್ಲಿ ನೆಟ್ಟಿದ್ದಳು. ಎಲ್ಲ ಗಿಡವೂ ಹೋಯಿತು. ಅವತ್ತು ಅಕ್ಕ ಮಾತಾಡಲಿಲ್ಲ, ಸುಮ್ನೆ ಕಾಫಿ ತಂದುಕೊಟ್ಟಳು. ನನಗೂ ಸಂಕಟ ಆಯಿತು. ನೆಡುವ ಮೊದಲು ನಾನು ಹೋಗಿ ನೋಡಬೇಕಿತ್ತು.

ಮೂರನೇ ವರ್ಷ ಇಬ್ಬರೂ ಸೇರಿ ಮಾಡಿದೆವು. ಗುಂಡಿ ತೆಗೆಯಲಿಲ್ಲ. ನೆಲವನ್ನು ಪಿಕಾಸಿಯಿಂದ ಸಡಿಲ ಮಾಡಿ, ಮೇಲೆ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಟ್ಟೆವು. ಕಣದ ನೀರು ಅತ್ತ ಹೋಗುವ ಹಾಗೆ ಸಣ್ಣ ಚರಂಡಿ ತೆಗೆದೆವು. ಉಳಿದಿದ್ದ ಮೂರು ಕುಂಡವನ್ನು ಎರಡೆರಡು ಇಟ್ಟಿಗೆಯ ಮೇಲೆ ಕೂರಿಸಿದೆವು. ತಟ್ಟೆಗಳಲ್ಲಿ ಈಗ ಕೋಳಿ ನೀರು ಕುಡಿಯುತ್ತವೆ. ಕಳೆದ ಹುತ್ತರಿ ಹಬ್ಬಕ್ಕೆ ಹೋದಾಗ ಆ ಗಿಡಗಳ ಹಸಿ ಮೆಣಸಿನ ಉಪ್ಪಿನಕಾಯಿಯನ್ನು ಒಂದು ಬಾಟಲಿ ಕಟ್ಟಿಕೊಟ್ಟಳು.

ಸ್ಟುಡಿಯೋ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ, ಪೆನ್ನು ಹಿಡಿಯಿರಿ.

ಕುಂಡಕ್ಕೆ ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸಗಣಿ ಗೊಬ್ಬರ. ಹತ್ತು ಕಿಲೋ ಮಣ್ಣು ಹಿಡಿಯುವ ಕುಂಡಕ್ಕಿಂತ ಚಿಕ್ಕದು ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಕುಂಡಕ್ಕೆ ದಿನಾ ನೀರು ಬೇಕು. ನೆಲದ ಗಿಡ ಎರಡು ಮೂರು ದಿನ ತಡೆದುಕೊಳ್ಳುತ್ತದೆ. ಮನೆ ಬೀಗ ಹಾಕಿ ಊರಿಗೆ ಹೋಗುವವರು ನೆಲದಲ್ಲೇ ನೆಡಿ. ಗಿಡದಿಂದ ಗಿಡಕ್ಕೆ 2 ಮೀಟರ್ ಬಿಡಿ. ಮಧ್ಯಾಹ್ನದ ಬಿಸಿಲು ನೇರ ಬೀಳದಿರಲಿ. ಉದ್ದಕ್ಕೆ ಹರಿಯುವ ಹಂಬು ಬಂದರೆ ಕತ್ತರಿಸಿಬಿಡಿ.

ಸೊರಗು ರೋಗ ತಡೆಯಲು ಮಳೆಗೆ ಮೊದಲು ಒಮ್ಮೆ, ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಿ. ಮನೆ ಮಟ್ಟಿಗೆ 100 ಗ್ರಾಂ ಮೈಲುತುತ್ತ 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ. ಪ್ಲಾಸ್ಟಿಕ್ ಬಕೆಟ್ ಇರಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕಿ. ಗಿಡ, ತಳಿ ಬೇಕಾದವರು ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಮತ್ತೆ, ನೆಲದಲ್ಲಿ ನೆಡುವವರು ಇವತ್ತೇ ಸಂಜೆ ಆ ಜಾಗದಲ್ಲಿ ಒಂದಡಿ ಗುಂಡಿ ತೆಗೆದು ನೀರು ತುಂಬಿಸಿ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಹೋಗಿ ನೋಡಿ. ನೀರು ಇನ್ನೂ ನಿಂತಿದ್ದರೆ ಗುಂಡಿ ಮುಚ್ಚಿ, ದಿಬ್ಬ ಮಾಡಿ. ಕುಂಡ ಇರುವವರು ತಟ್ಟೆ ತೆಗೆದು ಇಟ್ಟಿಗೆ ಇಡಿ. ಮಳೆ ಜೋರಾಗಿ ಬೀಳುವ ಭಾಗಮಂಡಲ, ನಾಪೋಕ್ಲು ಕಡೆಯವರು ಭಾನುವಾರಕ್ಕೆ ಕಾಯಬೇಡಿ. ನಮಸ್ಕಾರ.